ಮೂಲೆಗೊಂದು ಅಳತೆ

ನಮ್ಮ ಸೋದರಮಾವನಿಗೆ ಯಾರ ಕಿವಿಯ ಮೇಲೂ ನಂಬಿಕೆಯಿಲ್ಲ, ತನ್ನ ಕಿವಿಯ ಮೇಲೂ ಇಲ್ಲ. ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿ ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಜಾಲಾಡಿ ನಿವೃತ್ತನಾದ ಮನುಷ್ಯ. ನೆಂಟರೆಲ್ಲ ಅವನನ್ನು ‘ಅಳತೆಗೋಲು’ ಅನ್ನುತ್ತೇವೆ. ಎದುರಿಗೇ ಅಂದರೂ ಖುಷಿಯಾಗಿ ಓಗೊಡುತ್ತಾನೆ.

ಇಂಥವನು ಸ್ಪೀಕರ್ ಕೊಳ್ಳಲು ಹೊರಟರೆ ಕೇಳಬೇಕೆ? ಅಂಗಡಿಯವನು “ಒಂದು ಹಾಡು ಹಾಕ್ತೀನಿ, ಕೇಳಿ ನೋಡಿ ಸಾರ್” ಎಂದು ಗೋಗರೆದ.

“ಬೇಡಪ್ಪ. ಜೋರಾಗಿ ಹಾಕಿದ್ರೆ ಎಲ್ಲಾನೂ ಚೆನ್ನಾಗೇ ಕೇಳ್ಸುತ್ತೆ. ಇವುಗಳ ಗ್ರಾಫ್ ಇದ್ರೆ ತೋರ್ಸು. ಗೆರೆ ನೆಟ್ಟಗಿದ್ರೆ ತಗ್ಗಿನ ಸ್ವರದಿಂದ ಮೇಲಿನ ಸ್ವರದ ತನಕ ಎಲ್ಲಾ ಒಂದೇ ಸಮ ಕೇಳ್ಸುತ್ತೆ ಅಂತ.”

ಯಾವುದರ ಗೆರೆ ನೆಟ್ಟಗಿತ್ತೋ ಆ ಜೋಡಿಯನ್ನು ಒಂದು ಸದ್ದೂ ಕೇಳದೆ ಮನೆಗೆ ತಂದ. ನಡುಮನೆಯಲ್ಲಿಟ್ಟು, ತನ್ನ ಕುರ್ಚಿಯ ಮೇಲೆ ಕಡ್ಡಿಯಂಥ ಅಳತೆಯ ಮೈಕ್ ನಿಲ್ಲಿಸಿ, ಕಂಪ್ಯೂಟರಿನಿಂದ ‘ಕುಂಯ್’ ಎಂದು ಸದ್ದು ಬಿಟ್ಟು ನೋಡಿದ. ಇಲ್ಲೂ ಗೆರೆ ನೆಟ್ಟಗೇ ಬಂತು. ಮನೆಯಲ್ಲಿದ್ದ ಹಳೇ ಸ್ಪೀಕರ್ ಪೆಟ್ಟಿಗೆ ಗುಜರಿಗೆ ಎಂದು ತೀರ್ಮಾನವಾಯಿತು.

ಅತ್ತೆಯ ಮುಖ ಸಪ್ಪಗಾಯಿತು. ಅವಳ ಹೊಲಿಗೆ ಮಿಷಿನ್ನು ಅದೇ ಕೋಣೆಯ ಮೂಲೆಯಲ್ಲಿ, ಕಿಟಕಿಯ ಪಕ್ಕ. ದಿನವಿಡೀ ಹೊಲಿಯುವವಳಿಗೆ ಹಾಡೇ ಜೊತೆ. ಅದಿಲ್ಲದಿದ್ದರೆ ಅವಳ ಕೈ ಓಡುವುದಿಲ್ಲ. ಪರದೆ ಹೊಲಿಸಲು ಹೋಗಿದ್ದ ನಾನು ಅಲ್ಲೇ ಕೂತಿದ್ದೆ.

“ಹೊಸದ್ರಲ್ಲಿ ನನಗೆ ಹಾಡಿನ ಮಾತೇ ತಿಳಿಯಲ್ಲ ರೀ. ಬಾಯಿಗೆ ಬಟ್ಟೆ ತುರುಕ್ಕೊಂಡು ಹಾಡಿದ ಹಾಗಿದೆ.”

“ಅದು ನಿನ್ನ ಭ್ರಮೆ ಕಣೇ. ಹಳೇದು ಕೇಳಿ ಕೇಳಿ ಕಿವಿ ಕೆಟ್ಟಿದೆ. ಗೆರೆ ನೋಡು!”

ಅತ್ತೆ ಜಗಳಕ್ಕೆ ನಿಲ್ಲಲಿಲ್ಲ. ಕತ್ತರಿ ಕೆಳಗಿಟ್ಟಳು. “ಅಲ್ಲಾ, ಅಂಗಡೀಲಿ ತಕ್ಕಡಿ ನೋಡುವಾಗ ತಟ್ಟೆಯ ನಡುವೆ ಮಾತ್ರ ತೂಕದ ಕಲ್ಲಿಡ್ತಿದ್ರಾ?”

“ಛೇ ಛೇ! ನಾಲ್ಕು ಮೂಲೆಗೂ ಇಡಬೇಕು. ನಡುವೆ ಸರಿ ತೋರ್ಸಿ ಮೂಲೇಲಿ ಟೋಪಿ ಹಾಕೋ ತಕ್ಕಡಿ ಎಷ್ಟು ಹಿಡಿದಿಲ್ಲ ನಾನು…”

ಅರ್ಧ ಮಾತಿಗೇ ಎದ್ದು ಮಾವ ಮೈಕನ್ನು ಮಿಷಿನ್ನಿನ ಪಕ್ಕಕ್ಕೆ ತಂದ. ‘ಕುಂಯ್’. ಮಾತು ಸ್ಪಷ್ಟವಾಗಿ ಕೇಳಲು ಬೇಕಾದ ಮೇಲಿನ ಸ್ವರಗಳ ಕಡೆಯೇ ಗೆರೆ ಕುಸಿದುಬಿದ್ದಿತ್ತು.

ಸೋತವನ ಮುಖ ಹೀಗೆ ಅರಳಿದ್ದನ್ನು ನಾನು ಕಂಡಿಲ್ಲ. “ನೀನು ಹೇಳಿದ್ದು ಸರಿ ಕಣೇ! ಬಾ ಇಲ್ಲಿ, ನೋಡು!”

“ನಾನು ಹೇಳಿದ್ರೆ ಭ್ರಮೆ, ಆ ಕಡ್ಡಿ ಹೇಳಿದ್ರೆ ನಿಜ” ಎಂದು ಅತ್ತೆ ಮೂತಿ ತಿರುಗಿಸಿದಳು. ನಗು ಮಾತ್ರ ತಡೆಯಲಾಗಲಿಲ್ಲ.

ಮಾವ ಎರಡೂ ಸ್ಪೀಕರುಗಳ ಮುಖವನ್ನು ಮೂಲೆಯತ್ತ ತಿರುಗಿಸಿದ, ಅಳೆದ, ಸರಿಸಿದ, ಮತ್ತೆ ಅಳೆದ. ಕೊನೆಗೆ ಗೆರೆ ನೆಟ್ಟಗಾಯಿತು. ಹಾಡು ಹಾಕಿದರೆ ಒಂದೊಂದು ಮಾತೂ ಬಿಡಿಬಿಡಿಯಾಗಿ ಕೇಳಿತು. ಸಂಜೆ ಗುಜರಿಯವನು ಬಂದಾಗ ಅತ್ತೆಯೇ ಹಳೇ ಪೆಟ್ಟಿಗೆಯನ್ನು ಎತ್ತಿ ಕೊಟ್ಟಳು. ಅವಳಿಗೆ ಬೇಕಾಗಿದ್ದದ್ದು ಹಾಡು, ಪೆಟ್ಟಿಗೆಯಲ್ಲ.

ಆದರೆ ನಾನು ಮೈಕನ್ನು ಮತ್ತೆ ಮಾವನ ಕುರ್ಚಿಯ ಹತ್ತಿರ ಹಿಡಿದು ಅಳೆದರೆ, ಈಗ ಅಲ್ಲಿ ಗೆರೆ ಕೆಟ್ಟಿತ್ತು. ಅದನ್ನು ಮಾವನಿಗೆ ತೋರಿಸಿದೆ. ಮಾವ ಕಂಪ್ಯೂಟರಿನ ಕಡೆ ಒಮ್ಮೆ ನೋಡಿದ, ಕುರ್ಚಿ ಎತ್ತಿಕೊಂಡ, ಮಿಷಿನ್ನಿನ ಹತ್ತಿರ ಹೋಗಿ ನಿಂತ.

“ಸ್ವಲ್ಪ ಸರೀತೀಯೇನೇ?”

ಅತ್ತೆ ಬಟ್ಟೆಯ ರಾಶಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿಕೊಟ್ಟಳು.