ಸ್ವಲ್ಪ ವಾಸನೆ ಬರುತ್ತಿದೆ ಸರ್

ವೆರಾವಲ್‌ಗೆ ಬಂದ ದಿನ ನನಗೆ ಉಳಿಯುವ ಕೋಣೆಗಿಂತ ಮೊದಲು ತೋರಿಸಿದ್ದು ಗಾಳಿಯನ್ನು. ಕಾರ್ಖಾನೆಯ ಮಾಳಿಗೆಯ ಮೇಲೆ ಪಟ್ಟೆ ಪಟ್ಟೆ ಬಟ್ಟೆಯ ಚೀಲವೊಂದು ಉಬ್ಬಿ ಹಾರಾಡುತ್ತಿತ್ತು. ಸೈರನ್ ಕೂಗಿದರೆ ಮೊದಲು ಅದನ್ನು ನೋಡು, ಗಾಳಿಗೆ ಅಡ್ಡಲಾಗಿ ಓಡು ಎಂದರು. ಜವಳಗೇರಾದಲ್ಲಿ ನಾವು ಗಾಳಿ ನೋಡುವುದು ಭತ್ತ ತೂರಲಿಕ್ಕೆ. ಇಲ್ಲಿ ಜೀವ ಉಳಿಸಿಕೊಳ್ಳಲಿಕ್ಕೆ.

ಗುಜರಾತಿನ ಈ ಕಡಲೂರಿನಲ್ಲಿ ಮೀನನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುತ್ತಾರೆ. ಆ ತಂಪಿಗೆ ಅಮೋನಿಯಾ ಅನಿಲ ಬೇಕು. ಸಿಂಧನೂರಿನಲ್ಲಿ ಬಿಎಸ್ಸಿ ಮುಗಿಸಿದ ನಾನು ಇಲ್ಲಿಯ ಲ್ಯಾಬಿನಲ್ಲಿದ್ದೇನೆ. ನಮ್ಮದು ಮೀನು ಮುಟ್ಟದ ಮನೆ. ಅವ್ವ ಓಣಿಯಲ್ಲಿ ‘ಐಸ್ ಫ್ಯಾಕ್ಟರಿ’ ಎಂದಷ್ಟೇ ಹೇಳಿದ್ದಾಳೆ.

ಮನೆಯೊಡತಿ ಹಂಸಾಬೆನ್ (ಬೆನ್ ಎಂದರೆ ಅಕ್ಕ) ಮೊದಲ ದಿನ ಕೊಟ್ಟದ್ದು ರೋಟಲೋ. ನೋಡಿದರೆ ನಮ್ಮ ಸಜ್ಜೆ ರೊಟ್ಟಿಯೇ! ಪಕ್ಕದಲ್ಲಿ ಮಾತ್ರ ಪುಂಡಿಪಲ್ಯ ಇರಲಿಲ್ಲ, ಬೆಲ್ಲವಿತ್ತು. ಕೋಣೆಯ ಜೊತೆಗಾತಿ ಕೇರಳದ ಲೀಲಾ ಚೇಚಿ. ಅವರಲ್ಲಿ ಚೇಚಿ ಎಂದರೆ ಅಕ್ಕ. ಮೀನು ಕತ್ತರಿಸುವ ಹಾಲ್‌ಗೆ ಅವಳೇ ಮೇಲ್ವಿಚಾರಕಿ. ನಮ್ಮಿಬ್ಬರ ನಡುವೆ ಇರುವುದು ಇಂಗ್ಲಿಷ್ ಒಂದೇ. ಕೆಲಸ ಕಾಯಂ ಆಗಬೇಕೆಂದರೂ ಇಂಗ್ಲಿಷಿನಲ್ಲೇ ಬಾಯಿಮಾತಿನ ಪರೀಕ್ಷೆ ಪಾಸಾಗಬೇಕು. ದಿನಕ್ಕೆ ಹತ್ತು ಪದ ನೋಟ್‌ಬುಕ್ಕಿಗೆ ಬರೆಯುತ್ತಿದ್ದೆ. ಸಿಂಧನೂರಿನ ಕೋಚಿಂಗ್ ಸರ್ ಹೇಳಿದ್ದು ತಲೆಯಲ್ಲಿತ್ತು: “ಇಂಗ್ಲಿಷ್ ಅಂದ್ರ ಮರ್ಯಾದಿ ನೋಡ್ರಿ. ಪ್ಲೀಸ್ ಇಲ್ದ ಬಾಯಿ ತೆಗೀಬ್ಯಾಡ್ರಿ.”

ಒಂದು ಮಧ್ಯಾಹ್ನ ಕಂಪ್ರೆಸರ್ ಕೋಣೆಯ ಬಾಗಿಲಲ್ಲಿ ಮೂಗು ಸುಟ್ಟಂತಾಯಿತು. ಕಣ್ಣಲ್ಲಿ ನೀರು. ಗೋಡೆಯ ಫೋನೆತ್ತಿ ಪಾಳಿಯ ಅಧಿಕಾರಿಗೆ ಹೇಳಿದೆ: “ಸರ್, ಲಿಟಲ್ ಸ್ಮೆಲ್ ಕಮಿಂಗ್. ಇಫ್ ಯು ಆರ್ ಫ್ರೀ, ಪ್ಲೀಸ್ ಕಮ್.” ಬಿಡುವಿದ್ದರೆ ಬನ್ನಿ ಎಂದೆ. ಅವರು ಚಹಾ ಮುಗಿಸಿಯೇ ಬಂದರು. ಅಷ್ಟರಲ್ಲಿ ಅನಿಲ ಗೋಡೆಯಾಚೆಯ ಹಾಲ್‌ಗೆ ನುಗ್ಗಿತ್ತು. ಲೀಲಾ ಚೇಚಿ ಹೆಣ್ಣುಮಕ್ಕಳನ್ನೆಲ್ಲ ಹೊರಗೆ ತಳ್ಳಿ, ಕೊನೆಗೆ ತಾನು ಹೊಸ್ತಿಲಲ್ಲಿ ಬಿದ್ದಿದ್ದಳು.

ಬದುಕಿದಳು. ದನಿ ಒಡೆದುಹೋಯಿತು. ನಾನು ಈಗಲೂ ದಿನಾ ಆ ಫೋನೆತ್ತುತ್ತೇನೆ, ಮನಸ್ಸಿನಲ್ಲಿ. ಪ್ರತಿಸಲ ಬೇರೆ ಮಾತು ಹೇಳುತ್ತೇನೆ.

ಪದ ಗೊತ್ತಿರಲಿಲ್ಲವೆಂದಲ್ಲ. ‘ಲೀಕ್’, ‘ಡೇಂಜರ್’ ಎರಡೂ ನೋಟ್‌ಬುಕ್ಕಿನಲ್ಲಿದ್ದವು. ಕೆಟ್ಟದ್ದನ್ನು ನೇರ ಆಡಿ ರೂಢಿಯಿರಲಿಲ್ಲ. ನಮ್ಮ ಗದ್ದೆಯಲ್ಲಿ ಹಾವು ಕಂಡರೂ ‘ಹುಳ’ ಎನ್ನುತ್ತೇವೆ. ಅಜ್ಜ ತೀರಿದ ದಿನ ನಾನು ಲಿಂಗಸುಗೂರಿನಲ್ಲಿ ಪರೀಕ್ಷೆ ಬರೆದು ಹೊರಬಂದಿದ್ದೆ. ಅಪ್ಪನ ಫೋನು: “ಅಜ್ಜಗ ಸ್ವಲ್ಪ ಆರಾಮಿಲ್ಲವಾ, ಬಂದು ಹೋಗು.” ಆ ‘ಸ್ವಲ್ಪ’ದ ತೂಕ ನನಗೆ ಗೊತ್ತಿತ್ತು. ಆದರೂ ಮಸ್ಕಿ ದಾಟಿ ಸಿಂಧನೂರು ಮುಟ್ಟುವವರೆಗೆ ಬಸ್ಸಿನಲ್ಲಿ ಅಜ್ಜ ನನ್ನ ಪಾಲಿಗೆ ಬದುಕಿದ್ದ. ಅಪ್ಪ ನನಗೆ ಅಷ್ಟು ದಾರಿ ಕೊಟ್ಟಿದ್ದ. ಆ ಕರುಣೆಯನ್ನೇ ನಾನು ಇಲ್ಲಿ, ಆ ತೂಕ ಗೊತ್ತಿಲ್ಲದವರ ಮುಂದೆ ಆಡಿಬಿಟ್ಟೆ.

ಆಸ್ಪತ್ರೆಯಿಂದ ಬಂದ ಚೇಚಿ ನನಗೆ ಹೊಸ ಹೆಸರಿಟ್ಟಳು. “ಬಾ ಲಿಟಲ್ ಸ್ಮೆಲ್, ಕೂತುಕೋ” ಎಂದು ಒಡಕು ದನಿಯಲ್ಲಿ ಕರೆದು ತಾನೇ ಪಾಠ ಹೇಳಿದಳು. “ಎಲ್ಲಿ? ಏನು? ಎಷ್ಟು? ಒಳಗೆ ಯಾರಿದ್ದಾರೆ? ಇಷ್ಟು ಹೇಳು ಸಾಕು. ಪ್ಲೀಸನ್ನು ನನ್ನ ಹೆಣಕ್ಕೆ ಉಳಿಸಿಟ್ಟುಕೋ.” ಕಳೆದ ವಾರ ಬಾಯಿಮಾತಿನ ಪರೀಕ್ಷೆ ಪಾಸಾದೆ. ಕೆಲಸ ಕಾಯಂ.

ಸುದ್ದಿ ಹೇಳಲು ಮನೆಗೆ ಫೋನ್ ಮಾಡಿದರೆ ಅವ್ವ, “ನಿಮ್ಮಪ್ಪಗ ಸ್ವಲ್ಪ ಆರಾಮಿಲ್ಲ” ಎಂದಳು.

“ಎಲ್ಲೆದಾನ? ಏನಾಗೇತಿ? ಎಷ್ಟ್ ಹೊತ್ತಾತು?”

“ಯಾಕಬೇ, ಪೊಲೀಸರ ಗತೆ ಕೇಳಾಕತ್ತಿ? ನೆಗಡಿ ಆಗೇತಿ. ಕಟ್ಟಿ ಮ್ಯಾಲ ಕುಂತು ಸೀನಾಕತ್ತಾನ.” ನಕ್ಕಳು. ಆಮೇಲೆ ಕೇಳಿದಳು, “ನೀ ಚೊಲೊ ಅದಿ ಇಲ್ಲೋ?”

ಅನಿಲದ ವಿಷಯ ನಾನು ಮನೆಗೆ ತಿಳಿಸಿಯೇ ಇರಲಿಲ್ಲ. ಎಲ್ಲಿ, ಏನು, ಎಷ್ಟು — ಈಗ ಇಂಗ್ಲಿಷಿನಲ್ಲಿ ತಡವರಿಸದೆ ಹೇಳಬಲ್ಲೆ. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ.

“ಚೊಲೊ ಅದೀನವಾ. ಸ್ವಲ್ಪ ಕಣ್ಣು ಉರೀತಾವು, ಅಷ್ಟ.”

ಆ ಕಡೆ ನಗು ನಿಂತಿತು. ಅಪ್ಪ ಸೀನುವುದು ಕೇಳಿಸಿತು. ರಾಯಚೂರಿನಾಚೆ ಕಾಲಿಡದ ನನ್ನ ಅವ್ವ ಮೆಲ್ಲಗೆ ಕೇಳಿದಳು:

“ನಾ ಬರ್ಲೇನು?”