ದಾನೇಶ್ವರಿಯ ಹನ್ನೊಂದು ಗಂಟೆಯ ಕರೆ

ದಾನೇಶ್ವರಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಆಗಲೇ ಹತ್ತೂವರೆ. ಹನ್ನೊಂದಕ್ಕೆ ಪರೀಕ್ಷೆಯ ಕರೆ, ಅದೂ ನಿಜವಾದ ರೋಗಿಯದು. ಅಷ್ಟರೊಳಗೆ ಈ ಹೆಡ್‌ಸೆಟ್ಟಿನಿಂದ ದನಿ ಹೋಗದಿದ್ದರೆ ಕೆಲಸ ಬೇರೆಯವರ ಪಾಲು.

ಹನ್ನೆರಡು ವರ್ಷ ಕಾಂದಿವಲಿಯಿಂದ ಪರೇಲಿಗೆ ಲೋಕಲ್ ರೈಲಿನಲ್ಲಿ ನಿಂತೇ ಹೋಗಿ ಆಸ್ಪತ್ರೆಯೊಂದರ ನೆಲ ಒರೆಸಿದ ಹೆಂಗಸು ಇವಳು. ಊರ ಕಡೆಯ ರೋಗಿಗಳು ಚೀಟಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತರೆ ಸಾಕು, ಕೆಲಸ ಬಿಟ್ಟು ದಾರಿ ತೋರಿಸಲು ಓಡುತ್ತಿದ್ದಳು. ಬೈಸಿಕೊಂಡದ್ದೂ ಅದಕ್ಕೇ. ಕೊನೆಗೆ ಮೊಣಕಾಲು ಕೈಕೊಟ್ಟಿತು. ಆಗ ರೋಗಿಗಳಿಗೆ ನೆರವಾಗುವ ಸಂಸ್ಥೆಯೊಂದು, ಮನೆಯಿಂದಲೇ ಕನ್ನಡದ ಕರೆಗಳಿಗೆ ಉತ್ತರ ಕೊಡುತ್ತೀರಾ ಎಂದು ಕೇಳಿ, ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರನ್ನೂ ವೈರಿಲ್ಲದ ಹೊಸ ಹೆಡ್‌ಸೆಟ್ಟನ್ನೂ ಚಾಳಿನ ಅವಳ ಕೋಣೆಗೆ ಕಳಿಸಿತು. ಬೈಸಿಕೊಂಡ ಕೆಲಸಕ್ಕೇ ಪಗಾರವೆಂದರೆ ಯಾರು ನಂಬುತ್ತಾರೆ?

ಅತ್ತೆ ಕಾಶವ್ವನಂತೂ ನಂಬಲಿಲ್ಲ. "ಮನ್ಯಾಗ ಕುಂತು ಮಾತಾಡಿದ್ರ ಯಾರು ರೊಕ್ಕ ಕೊಡ್ತಾರ? ಇದೆಲ್ಲಾ ನಮ್ಮಂಥೋರಿಗಲ್ಲ," ಎಂದು ಮೂಗು ಮುರಿದಿದ್ದಳು. ಆ ಮಾತು ಸೊಸೆಗೆ ಮುಳ್ಳಿನಂತೆ ನಾಟಿತ್ತು.

ಸಂಸ್ಥೆಯ ಹುಡುಗಿ ನಿಶಾ ಮೊಬೈಲಿನಲ್ಲಿ ದಾರಿ ಹೇಳುತ್ತಿದ್ದಳು. ತಾಯಿ ಉಡುಪಿಯವಳಾದರೂ ಮಗಳ ಕನ್ನಡ ಕುಂಟುತ್ತಿತ್ತು.

"ದೀದಿ, ಚಿಕ್ಕ ರಿಸೀವರ್ ಇದೆಯಲ್ಲ, ಅದು ಯುಎಸ್‌ಬಿಯಲ್ಲಿ ಹಾಕಿದ್ರಾ?"

"ಹಾಕೀನ್ರೀ. ನೋಡ್ಲಿಕ್ಕಂತ ಹಚ್ಚಿದ ಹಾಡು ಮಾನಿಟರ್‌ನಾಗ ಬರ್ತದ, ಕಿವ್ಯಾಗ ಬರವಲ್ದು."

"ಸೌಂಡ್ ಸೆಟ್ಟಿಂಗ್ಸ್ ಓಪನ್ ಮಾಡಿ. ಔಟ್‌ಪುಟ್ ಅಂತ ಇದೆ, ಅಲ್ಲಿ ಹೆಡ್‌ಸೆಟ್ ಸೆಲೆಕ್ಟ್ ಮಾಡಿ."

ಮಾಡಿದಳು, ಹಾಡು ಕಿವಿಗೆ ಬಂತು. ಇನ್‌ಪುಟ್ಟಿಗೂ ಹೆಡ್‌ಸೆಟ್ಟನ್ನೇ ಆರಿಸಿ "ಹಲೋ" ಅಂದಳು. ಪರದೆಯ ಮೇಲೆ ದನಿಗೆ ಕುಣಿಯಬೇಕಾದ ಪಟ್ಟಿ ಅಲುಗಲಿಲ್ಲ. ರಿಸೀವರ್ ಕಿತ್ತು ಇನ್ನೊಂದು ಕಡೆ ಚುಚ್ಚಿದಳು, ಮ್ಯೂಟ್ ನೋಡಿದಳು, ಕಂಪ್ಯೂಟರನ್ನೇ ಬಂದ್ ಮಾಡಿ ಮತ್ತೆ ಚಾಲೂ ಮಾಡಿದಳು. ಜಪ್ಪಯ್ಯ ಎಂದರೂ ಅಲುಗದು. ಹತ್ತು ಐವತ್ತಾಯಿತು.

"ಹೆಡ್‌ಸೆಟ್ಟೇ ಖರಾಬ್ ಇರಬಹುದು ದೀದಿ," ನಿಶಾಳ ದನಿ ಸಣ್ಣಗಾಯಿತು. "ಇವತ್ತು ಆಗಲ್ಲ ಅಂದ್ರೆ ಸರ್ ಬೇರೆಯವರಿಗೆ ಕೊಡ್ತಾರೆ."

ದಾನೇಶ್ವರಿಗೆ ಅಳು ಉಕ್ಕಿತು. ಹೆಡ್‌ಸೆಟ್ ಕಿತ್ತು ಮಡಿಲಿಗೆ ಹಾಕಿಕೊಂಡಳು. ಆಗ ಕಂಡಿತು. ಬಾಯಿಯ ಮುಂದೆ ಬರುವ ಕಡ್ಡಿಯ ಒಳಮೈಯಲ್ಲಿ ಬೆಳ್ಳಗೆ ಮೂರು ಗೆರೆ, ಮೈಕಿನ ತೂತಿನ ತುಂಬ ಒಣಗಿದ ವಿಭೂತಿ. ಹೊಸದೇನು ಬಂದರೂ ಮೊದಲು ವಿಭೂತಿ ಹಚ್ಚುವುದು ಆ ಮನೆಯ ರೂಢಿ. ಮಿಕ್ಸರಿಗೂ ಹಚ್ಚಿದ್ದರು. ಆದರೆ ಇದಕ್ಕೆ ಅವಳು ಹಚ್ಚಿರಲಿಲ್ಲ.

ತಿರುಗಿ ನೋಡಿದಳು. ಕಾಶವ್ವ ಒಲೆಯ ಕಡೆ ಮುಖ ಮಾಡಿಕೊಂಡೇ, "ನಿನಗ ಛಲೋ ಆಗ್ಲಿ ಅಂತ ಹಚ್ಚೀನಿ. ಮಾತಾಡೋದು ಎಲ್ಲೈತೋ ಅಲ್ಲೇ ಹಚ್ಚೀನಿ," ಎಂದಳು.

ಸೊಸೆ ಸೆರಗಿನ ಪಿನ್ನು ತೆಗೆದು ತೂತು ಕೆದಕಿದಳು, ಒರೆಸಿದಳು. "ಹಲೋ" ಅಂದಾಗ ಪಟ್ಟಿ ಕುಣಿಯಿತು. ಅಷ್ಟರಲ್ಲೇ ಕರೆ ಬಂತು, ಯಾರೋ ಮುದುಕನ ದನಿ.

"ಯವ್ವಾ, ದವಾಖಾನಿಗೆ ಹೋಗಬೇಕಾಗೈತಿ, ಸ್ಟೇಷನ್‌ದಾಗ ನಿಂತೀನಿ. ಯಾರಿಗೂ ನನ್ನ ಮಾತು ತಿಳಿವಲ್ದು."

"ನನಗ ತಿಳಿತದ ಕಾಕಾ. ಅಲ್ಲೇ ನಿಂದರ್ರಿ, ದಾರಿ ಹೇಳ್ತೀನಿ."

ಕರೆ ಮುಗಿದ ಮೇಲೆ ನಿಶಾ ಸುದ್ದಿ ಕಳಿಸಿದಳು, ಸೋಮವಾರದಿಂದ ಕೆಲಸ. ದಾನೇಶ್ವರಿ ದೇವರ ಮುಂದಿನ ವಿಭೂತಿ ಗಟ್ಟಿ ತಂದು ಅತ್ತೆಯ ಕೈಗಿಟ್ಟು ಹಣೆಯೊಡ್ಡಿದಳು.

"ಅತ್ತಿ, ಈಗ ಇಲ್ಲಿ ಹಚ್ರಿ."