ತಮ್ಮನ ಪರವಾಗಿ ನಾನು ತುಂಬಿದ ಫಾರಂ

ನನ್ನ ತಮ್ಮ ಬಟ್ಟೆಯ ಕಲೆ ತೆಗೆಯುವವನು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಮ್ಮ ಲಾಂಡ್ರಿಯ ಮುಂದಿನ ಕೌಂಟರಿನಲ್ಲಿ ನಾನು ಕೂರುತ್ತೇನೆ, ಹಿಂದಿನ ಕೋಣೆಯಲ್ಲಿ ಅವನು, ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಅವನಿಗೆ ಮದುವೆಯಾಗಲಿಲ್ಲ, ನನ್ನ ಗಂಡ ಬೇಗ ಹೋಗಿಬಿಟ್ಟರು. ಹಾಗಾಗಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾವಿಬ್ಬರೇ. ನನಗೆ ಬಾಯಿ ಜಾಸ್ತಿ, ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಅವನಿಗೆ ಎರಡೂ ಇಲ್ಲ. "ತಮ್ಮನ ಪಾಲಿನ ಮಾತನ್ನೂ ಇವಳೇ ಎತ್ಕೊಂಡು ಹುಟ್ಟಿದಾಳೆ" ಎನ್ನುತ್ತಿದ್ದಳು ಅಮ್ಮ. ಬೀದಿಯವರು ಅವನನ್ನು ಕಲೆಗಾರ ಎಂದು ಕರೆಯುತ್ತಾರೆ. ತಮಾಷೆಗೆ ಶುರುವಾದದ್ದು ಗಟ್ಟಿಯಾಗಿ, ಈಗ ಅವನ ನಿಜವಾದ ಹೆಸರು ಅಂಚೆಯವನೊಬ್ಬನಿಗೇ ಗೊತ್ತು.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಬಟ್ಟೆ ತಂದವರನ್ನು ಏನು ಚೆಲ್ಲಿತು, ಯಾವಾಗ ಚೆಲ್ಲಿತು ಎಂದು ನಾನು ಕೇಳಿ, ಚೀಟಿಯಲ್ಲಿ ಬರೆದು, ಬಟ್ಟೆಗೆ ಪಿನ್ ಹಾಕಿ ಕಿಂಡಿಯಲ್ಲಿ ತಳ್ಳಬೇಕು. ಅವನು ಚೀಟಿ ನೋಡಿ ಕೆಲಸ ಮಾಡುತ್ತಾನೆ. ಚೀಟಿಯಲ್ಲಿ ಇಲ್ಲದ ಕಲೆ ಕಣ್ಣಿಗೆ ಹೊಡೆದರೂ ಮುಟ್ಟುವುದಿಲ್ಲ. ಜನ ಏನು ಕಡಿಮೆಯೇ? ವೈನನ್ನು ಹಣ್ಣಿನ ರಸ ಎನ್ನುತ್ತಾರೆ, ಲಿಪ್‌ಸ್ಟಿಕ್ಕನ್ನು ಗೋಡೆ ಬಣ್ಣ ಎನ್ನುತ್ತಾರೆ. ಸುಳ್ಳು ನಂಬಿ ಇಸ್ತ್ರಿ ಎಳೆದರೆ ಆ ಕಲೆ ಜನ್ಮಕ್ಕೆ ಹೋಗುವುದಿಲ್ಲ. ಅದಕ್ಕೇ ನಾನು ಪೊಲೀಸಿನವಳ ಹಾಗೆ ಕೇಳುತ್ತೇನೆ. "ಬಾಯಿ ಬಿಡಿ ಸ್ವಾಮಿ. ಕೋಟೂ ನಿಮ್ದು, ಮರ್ಯಾದೆನೂ ನಿಮ್ದು. ನಾನೇನು ಎರಡನ್ನೂ ಮನೆಗೆ ತಗೊಂಡು ಹೋಗ್ತೀನಾ?"

ಊರಿಗೆಲ್ಲ ಬಾಯಿ ಬಿಡಿಸುವವಳು ನಾನು. ಆದರೆ ಬೆನ್ನ ಹಿಂದೆ ಒಂದು ಗೋಡೆಯಾಚೆ ಕೂತವನಿಗೆ ಏನಾಗುತ್ತಿದೆ ಎಂದು ಒಂದು ವರ್ಷ ಗೊತ್ತಾಗಲಿಲ್ಲ. ಅವನು ಊಟ ಅರ್ಧಕ್ಕೇ ಬಿಡುತ್ತಿದ್ದ. ಇಸ್ತ್ರಿ ಮಾಡುತ್ತ ಗುನುಗುವುದನ್ನು ನಿಲ್ಲಿಸಿದ್ದ. ವಯಸ್ಸಾಯಿತು ಅಂದುಕೊಂಡೆ, ನಲವತ್ತೈದೇನು ವಯಸ್ಸೇ? ಆಮೇಲೆ ಒಂದು ದಿನ ದಪ್ಪ ನೋಟ್‌ಬುಕ್ ತಂದು, ಯಾವ ಬಟ್ಟೆಯ ಯಾವ ಕಲೆಗೆ ಏನು ಹಾಕಬೇಕು, ಎಷ್ಟು ಹೊತ್ತು ಬಿಡಬೇಕು ಎಂದು ದುಂಡಗೆ ಬರೆಯತೊಡಗಿದ. ಇಪ್ಪತ್ತು ವರ್ಷ ನಾನು ಬಡಕೊಂಡರೂ ಬರೆಯದವನು! ಸಂಜೆ ನನ್ನನ್ನು ಕೂರಿಸಿಕೊಂಡು ಪಾಠವನ್ನೂ ಹೇಳಿದ. "ಅಂತೂ ಬುದ್ಧಿ ಬಂತಲ್ಲಪ್ಪ" ಎಂದು ನಾನು ಹಿಗ್ಗಿದೆ.

ಸುಟ್ಟ ವಾಸನೆ ಬಂದು ನಾನು ಒಳಗೆ ಓಡಿದ ದಿನ ಅವನು ಬಿಸಿ ಇಸ್ತ್ರಿಯನ್ನು ಒಂದು ಕೋಟಿನ ಬೆನ್ನ ಮೇಲಿಟ್ಟು ಹಾಗೇ ನಿಂತಿದ್ದ. ಹೊಗೆ ಏಳುತ್ತಿತ್ತು, ಅವನು ನೋಡುತ್ತಿದ್ದ. ಬೈಯಲು ತೆರೆದ ಬಾಯಿ ಅವನ ಮುಖ ಕಂಡು ಮುಚ್ಚಿಕೊಂಡಿತು. ಮಾರನೆಯ ದಿನವೇ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಅವರು ರಕ್ತ ಪರೀಕ್ಷೆ ಮಾಡಿಸಿ, ಕೌನ್ಸೆಲರ್ ಒಬ್ಬರ ವಿಳಾಸ ಕೊಟ್ಟರು.

ಅಲ್ಲಿ ಹೊರಗಿನ ಕೋಣೆಯಲ್ಲಿ ಒಂದು ಫಾರಂ ಕೊಟ್ಟರು. ಅವನು ಕನ್ನಡಕ ಮರೆತು ಬಂದಿದ್ದ. ನಾನು ಅಭ್ಯಾಸಬಲದಿಂದ ಪೆನ್ನು ಹಿಡಿದೆ. ನಿದ್ದೆ ಬರುತ್ತಾ? ಇಲ್ಲ. ಹಸಿವಾಗುತ್ತಾ? ಇಲ್ಲ. ಸುಸ್ತು? ಹೌದು. ಹತ್ತೊಂಬತ್ತನೆಯ ಪ್ರಶ್ನೆಗೆ ಬಂದಾಗ ಪೆನ್ನು ನಿಂತಿತು. ಸತ್ತುಹೋಗಬೇಕು ಎಂಬ ಯೋಚನೆ ಬರುತ್ತದೆಯೇ ಎಂದಿತ್ತು. ಥೂ, ಕೇಳುವ ಪ್ರಶ್ನೆಯೇ ಇದು ಎಂದು ಸಿಟ್ಟು ಬಂತು. ಅವನಿಗೆ ಓದಿ ಹೇಳಲೇ ಇಲ್ಲ. 'ಇಲ್ಲ' ಎಂಬುದಕ್ಕೆ ಗುರುತು ಹಾಕಿ ಮುಂದಿನದಕ್ಕೆ ಹೋದೆ. ಅಕ್ಷರ ಕಾಣದಿದ್ದರೂ ನನ್ನ ಪೆನ್ನು ಅಲ್ಲಿ ತಡವರಿಸಿದ್ದು ಅವನಿಗೆ ಕಂಡಿತ್ತಂತೆ. "ಅದೇನು ಬರೆದೆ?" ಎಂದ. "ಏನಿಲ್ಲ, ಹುಚ್ಚುಹುಚ್ಚಾಗಿ ಏನೋ ಕೇಳಿದಾರೆ. ಸಾಯೋ ಯೋಚನೆ ಅಂತೆ. ಇಲ್ಲ ಅಂತ ಹಾಕಿದೀನಿ" ಎಂದೆ.

ಮೂರು ವಾರ ಅವನು ಒಳಗೆ ಹೋಗಿ ಬಂದ. ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾದೆ.

"ಏನು ಮಾತಾಡ್ತೀಯೋ ಒಳಗೆ?"

"ನಿದ್ದೆ ಬಗ್ಗೆ."

"ಮೂರು ವಾರದಿಂದ ನಿದ್ದೆನಾ? ಅಷ್ಟು ಹೊತ್ತು ಮನೇಲಿ ಮಲಗಿದ್ರೆ ನಿದ್ದೆನೇ ಬರ್ತಿತ್ತಲ್ಲೋ!"

ಅವನು ನಗಲಿಲ್ಲ. ನನಗೆ ಅಂದಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾಲ್ಕನೆಯ ವಾರ ಒಳಗೆ ನಡೆದದ್ದನ್ನು ಅವನೇ ಆಮೇಲೆ ಹೇಳಿದ. ಕೌನ್ಸೆಲರ್ ನನ್ನ ಮಗಳಾಗಬಹುದಾದ ವಯಸ್ಸಿನ ಹೆಂಗಸು. ಫಾರಂ ತೆಗೆದು ಮೇಜಿನ ಮೇಲಿಟ್ಟು ಕೇಳಿದಳಂತೆ: "ಇದರಲ್ಲಿ ಇಲ್ಲ ಅಂತಿದೆ. ಆದ್ರೂ ನಾನು ನಿಮ್ಮನ್ನ ನೇರವಾಗೇ ಕೇಳ್ತೀನಿ. ಸಾಯಬೇಕು ಅನ್ನೋ ಯೋಚನೆ ಬರುತ್ತಾ?"

ಅವಳು ಗಡಿಯಾರ ನೋಡಲಿಲ್ಲ, ಬೇರೆ ಪ್ರಶ್ನೆಗೂ ಹೋಗಲಿಲ್ಲ.

"ಆ ಚೀಟಿ ನಾನು ಬರೆದಿದ್ದಲ್ಲ" ಎಂದನಂತೆ ಕೊನೆಗೆ. "ಬರುತ್ತೆ. ದಿನಾ ಬರುತ್ತೆ."

ಹೇಳಿದ ಕೂಡಲೇ ಯಾರನ್ನೋ ಕರೆಸುತ್ತಾರೆ, ಎಲ್ಲೋ ಕೂಡಿಹಾಕುತ್ತಾರೆ, ಅಂಗಡಿಯ ಕೌಂಟರಿನವರೆಗೂ ಸುದ್ದಿ ಬರುತ್ತದೆ ಎಂದು ಅವನು ಒಂದು ವರ್ಷ ಹೆದರಿದ್ದನಂತೆ. ಅದ್ಯಾವುದೂ ಆಗಲಿಲ್ಲ. "ಹೇಳಿದ್ದು ಒಳ್ಳೇದಾಯ್ತು" ಎಂದಳಂತೆ. ಯಾವಾಗಿನಿಂದ, ದಿನಕ್ಕೆ ಎಷ್ಟು ಸಲ, ಮಾಡಿಯೇಬಿಡಬೇಕು ಎಂದು ನಿರ್ಧಾರ ಮಾಡಿದ್ದೀರಾ ಎಂದು ಒಂದೊಂದಾಗಿ ಕೇಳಿದಳು, ಇವನು ಒಂದನ್ನೂ ಮುಚ್ಚಿಡದೆ ಹೇಳಿದ. ಈಗಲೇ ಜೀವಕ್ಕೆ ಅಪಾಯ ಎನ್ನಿಸಿದರೆ ಮಾತ್ರ ಇನ್ನೊಬ್ಬರಿಗೆ ತಿಳಿಸುತ್ತೇನೆ, ಅದನ್ನೂ ನಿಮಗೆ ಹೇಳಿಯೇ ತಿಳಿಸುತ್ತೇನೆ ಎಂದಳು. ಆಮೇಲೆ, ಮನೆಯಲ್ಲಿ ಇದು ಯಾರಿಗೆ ಗೊತ್ತಾದರೆ ನಿಮಗೆ ಒಳ್ಳೆಯದು ಎಂದು ಕೇಳಿದಳು.

"ಅಕ್ಕನಿಗೆ. ಆದ್ರೆ ಅಕ್ಕ ಇಲ್ಲ ಅಂತ ಬರೆದುಬಿಟ್ಟಿದಾಳೆ."

ಬಾಗಿಲು ತೆರೆದು ಅವಳು ನನ್ನನ್ನು ಒಳಗೆ ಕರೆದಳು. ತಮ್ಮನ ಕಣ್ಣು ಕೆಂಪಗಿತ್ತು, ಆದರೆ ಬೆನ್ನು ನೆಟ್ಟಗಿತ್ತು. ನನ್ನ ಮುಖ ನೋಡಿಯೇ ಹೇಳಿದ. "ಅಕ್ಕಾ, ನಂಗೆ ಸಾಯಬೇಕು ಅನ್ನಿಸ್ತಾ ಇದೆ. ಒಂದು ವರ್ಷದಿಂದ."

ನನ್ನ ಬಾಯಿಂದ ಮೊದಲು ಬಂದದ್ದು ಸಿಟ್ಟೇ. "ನಿಂಗೇನೋ ಕಡಿಮೆ ಮಾಡಿದೀನಿ? ಯಾರಾದ್ರೂ ಏನಾದ್ರೂ ಅಂದ್ರಾ? ಏನಾಯ್ತು?"

"ಏನೂ ಆಗಿಲ್ಲ ಅಕ್ಕ. ಅದೇ ಕಷ್ಟ. ಏನಾದ್ರೂ ಆಗಿದ್ರೆ ಹೇಳೋಕೆ ಸುಲಭ ಇರ್ತಿತ್ತು."

ಆಗ ನನಗೆ ಆ ದಪ್ಪ ನೋಟ್‌ಬುಕ್ ನೆನಪಾಯಿತು. "ನೋಟ್‌ಬುಕ್ ಬರೆದಿದ್ದು..."

"ಹೂಂ. ನಾನಿಲ್ದಿದ್ರೂ ನಿಂಗೆ ಅಂಗಡಿ ನಡೆಸೋಕೆ ಆಗ್ಬೇಕಲ್ಲ."

"ಅಂಗಡಿ ಹಾಳಾಗಿ ಹೋಗ್ಲಿ!" ಎಂದು ಕೂಗಿದೆ. ಹೊರಗೆ ಕೂತವರಿಗೆಲ್ಲ ಕೇಳಿಸಿರಬೇಕು. ಆಮೇಲೆ ಅತ್ತೆ. ಗಂಡ ಹೋದಾಗಲೂ ಜನರ ಮುಂದೆ ಹಾಗೆ ಅತ್ತಿರಲಿಲ್ಲ. ಪ್ರಶ್ನೆ ಓದಿ ಹೇಳದೆ ಗುರುತು ಹಾಕಿದ್ದು ನಾನೇ, ಕೇಳಿದರೆ ಎಲ್ಲಿ ಹೌದು ಅಂದುಬಿಡುತ್ತೀಯೋ ಎಂದು ಹೆದರಿ ಕೇಳಲಿಲ್ಲ ಎಂದು ಒಪ್ಪಿಕೊಂಡೆ. ಆ ಹೆಂಗಸು ನನ್ನನ್ನು ಗದರಲಿಲ್ಲ. ಟಿಶ್ಯೂ ಡಬ್ಬಿಯನ್ನು ಇಬ್ಬರ ನಡುವೆ ಸರಿಸಿದಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಒಳಗಿದ್ದವರಿಗೆ ಹೇಳಲು ಜಾಗ ಸಿಗುತ್ತದೆ ಎಂದಳು. ಒಂದು ಹಾಳೆಯ ಮೇಲೆ ನಾವು ಮೂವರೂ ಕೂತು ಬರೆದೆವು. ಯೋಚನೆ ಜೋರಾದರೆ ಮೊದಲು ಯಾರಿಗೆ ಹೇಳಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಮನೆಯಲ್ಲಿ ಏನನ್ನು ಅವನ ಕೈಗೆ ಸಿಗದ ಹಾಗೆ ಇಡಬೇಕು, ಮಾತ್ರೆಗೆ ಯಾವ ಡಾಕ್ಟರನ್ನು ನೋಡಬೇಕು. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ, ದಿನಾ ಕೇಳುವುದು. ಚೆನ್ನಾಗಿದೀಯಾ ಎಂದು ಸುತ್ತಿಬಳಸಿ ಅಲ್ಲ, ಇದ್ದ ಮಾತನ್ನು ಇದ್ದ ಹಾಗೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಅವನು ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆಹೋದ. ಬಿಗಿಯಾದ ಬೂಟು ಬಿಚ್ಚಿದ ಹಾಗಾಯಿತು ಎಂದು ಮಾತ್ರ ಹೇಳಿದ್ದ. ನಮ್ಮ ಸ್ಟಾಪು ಬಂತು, ಹೋಯಿತು, ನಾನು ಎಬ್ಬಿಸಲಿಲ್ಲ. ಕೊನೆಯ ಸ್ಟಾಪಿನಲ್ಲಿ ಕಂಡಕ್ಟರ್ ಬೈದ, ಇನ್ನೊಂದು ಟಿಕೆಟು ತೆಗೆದು ವಾಪಸ್ಸು ಬಂದೆವು.

ಕೇಳುವುದೇನು ಮಹಾ ಅಂದುಕೊಂಡಿದ್ದೆ. ಮೊದಲ ದಿನ ಕಿಂಡಿಗೆ ಮುಖವಿಟ್ಟು, "ಏನೋ, ಇವತ್ತು ಅದು..." ಎಂದು ತೊದಲಿದೆ.

"ಯಾವುದು?" ಎಂದ, ಬೇಕಂತಲೇ.

"ಅದೇ ಕಣೋ."

"ಅದೇ ಅಂದ್ರೆ ಯಾವುದು? ಸರಿಯಾಗಿ ಕೇಳು."

"ಸಾಯೋ ಯೋಚನೆ ಬಂತೇನೋ!" ಎಂದು ರೇಗಿ ಕೂಗಿ ತಿರುಗಿದರೆ, ಕೌಂಟರಿನಾಚೆ ಒಬ್ಬರು ಶರ್ಟು ಹಿಡಿದು ಬಾಯಿ ತೆರೆದುಕೊಂಡು ನಿಂತಿದ್ದಾರೆ. "ನಿಮಗಲ್ಲ ಸ್ವಾಮಿ, ನಿಮ್ಮ ಶರ್ಟಿಗೇನಾಯ್ತು ಹೇಳಿ" ಎಂದೆ. ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಒಂದು ವರ್ಷದ ಮೇಲೆ ಕೇಳಿದ ನಗು ಅದು.

ಆಮೇಲೆ ರೂಢಿಯಾಯಿತು. ಅಂಗಡಿ ತೆರೆದು, ಗಿರಾಕಿಗಳು ಬರುವ ಮುಂಚೆ ಕೇಳುತ್ತಿದ್ದೆ. "ಬಂತು" ಎನ್ನುತ್ತಿದ್ದ. "ಬಂದು ಹೋಯ್ತು" ಎನ್ನುತ್ತಿದ್ದ. ಎರಡು ಸಲ "ಇವತ್ತು ಜೋರಾಗಿದೆ ಅಕ್ಕ" ಎಂದ. ಎರಡು ಸಲವೂ ಷಟರ್ ಎಳೆದು, ಕೌನ್ಸೆಲರಿಗೆ ಫೋನ್ ಮಾಡಿ ಅವನ ಜೊತೆ ಹೋದೆ. ಬೇರೆ ದಿನ ಸ್ಟೂಲು ಎಳೆದುಕೊಂಡು ಅವನ ಪಕ್ಕ ಸುಮ್ಮನೆ ಕೂರುತ್ತಿದ್ದೆ. ನಾನು ಸುಮ್ಮನೆ ಕೂರಬಲ್ಲೆ ಎಂಬುದು ನನಗೇ ಹೊಸ ವಿಷಯ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಕೇಳಿದಾಗ "ಇಲ್ಲ" ಎಂದ.

ಕೌಂಟರ್ ಬಿಟ್ಟು ಒಳಗೆ ಹೋಗಿ ಅವನ ಮುಂದೆ ನಿಂತೆ. "ನನ್ನ ಸಮಾಧಾನಕ್ಕೆ ಹೇಳ್ತಿದೀಯಾ? ನಿಜ ಹೇಳು."

ಅವನು ಬ್ರಷ್ ಕೆಳಗಿಟ್ಟ. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡ.

"ಇದ್ದಿದ್ರೆ ಹೇಳ್ತಿದ್ದೆ ಅಕ್ಕ" ಎಂದ.

ನಾನು ನಂಬಿದೆ.